ಗೋಡೆಯ ಮೇಲೆ ಬರೆದ 240 ದಿನ

ನನ್ನ ಕಚೇರಿಗೆ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಚೀಲ ಇರುತ್ತದೆ. ಯಾವುದೋ ಬಟ್ಟೆ ಅಂಗಡಿಯದು, ಹೆಸರು ಅರ್ಧ ಅಳಿಸಿಹೋದದ್ದು. ಕುರ್ಚಿಯ ತುದಿಯಲ್ಲಿ ಕುಳಿತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಗಂಟು ಬಿಚ್ಚುತ್ತಾರೆ. ರೇಷನ್ ಕಾರ್ಡು, ಮಗನ ಅಂಕಪಟ್ಟಿ, ಆಸ್ಪತ್ರೆಯ ಚೀಟಿ, ಎಂದಿನದೋ ಗೇಟ್ ಪಾಸು, ಪಗಾರದ ಖಾಲಿ ಲಕೋಟೆ, ಎಲ್ಲವನ್ನೂ ಮೇಜಿನ ಮೇಲೆ ಹರಡಿ, "ಇದರಲ್ಲಿ ನಿಮಗೆ ಬೇಕಾದದ್ದು ಇದೆಯೇ ನೋಡಿ ಅಕ್ಕಾ" ಎನ್ನುತ್ತಾರೆ.

ನಾನು ಹುಡುಕುವುದು ಒಂದನ್ನೇ. ಈ ಮನುಷ್ಯ ಆ ಜಾಗದಲ್ಲಿ ದುಡಿದದ್ದು ನಿಜ ಎಂದು ಹೇಳುವ ಯಾವುದಾದರೂ ಕಾಗದ. ಹುಬ್ಬಳ್ಳಿಯ ಕಾರ್ಮಿಕ ನ್ಯಾಯಾಲಯದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ವಕೀಲಳಾಗಿ ನಿಂತಿದ್ದೇನೆ. ಅದರಲ್ಲಿ ಬಹುಪಾಲು ಈ ಒಂದು ಹುಡುಕಾಟದಲ್ಲೇ ಕಳೆದಿದೆ. ವಜಾ ಮಾಡಿದ್ದು ನ್ಯಾಯವೋ ಅನ್ಯಾಯವೋ ಎಂಬ ದೊಡ್ಡ ಪ್ರಶ್ನೆಗೆ ಬರುವ ಮೊದಲೇ ಎದುರು ಪಕ್ಷದವರು ಎದ್ದು, "ಈ ವ್ಯಕ್ತಿ ನಮ್ಮಲ್ಲಿ ಕೆಲಸವನ್ನೇ ಮಾಡಿಲ್ಲ" ಎಂದುಬಿಡುತ್ತಾರೆ. ಹತ್ತು ಹನ್ನೆರಡು ವರ್ಷ ಬೆಳಿಗ್ಗೆ ಎಂಟಕ್ಕೆ ಹೋಗಿ ಸಂಜೆ ಆರಕ್ಕೆ ಬಂದವರು ಆ ಮಾತನ್ನು ಮೊದಲ ಸಲ ಕೇಳಿದಾಗ ಅವರ ಮುಖ ಏನಾಗುತ್ತದೆ ಎಂಬುದನ್ನು ನಾನು ಬಹಳ ಸಲ ನೋಡಿದ್ದೇನೆ. ಕೆಲಸ ಹೋದ ಸಿಟ್ಟಿಗಿಂತ ಈ ಮಾತಿನ ನೋವೇ ಅವರಿಗೆ ದೊಡ್ಡದು.

ನನ್ನ ತಂದೆ ಗಿರಣಿಯಲ್ಲಿ ನೂಲಿನ ಖಾತೆಯಲ್ಲಿದ್ದರು. ಗಿರಣಿ ಮುಚ್ಚಿದ ಮೇಲೆಯೂ ಅವ್ವ ಅವರ ಪಗಾರದ ಲಕೋಟೆಗಳನ್ನು ಟ್ರಂಕಿನ ತಳದಲ್ಲಿ ವರ್ಷವಾರು ಕಟ್ಟಿ ಇಟ್ಟಿದ್ದಳು. ಮುಂದೆ ಬಾಕಿ ಹಣದ ಅರ್ಜಿ ಬರೆಸುವಾಗ ನಮ್ಮ ಓಣಿಯಲ್ಲಿ ಪೂರ್ತಿ ಲೆಕ್ಕ ಕೊಡಲು ಸಾಧ್ಯವಾದದ್ದು ನಮ್ಮ ಮನೆಯವರಿಗೆ ಮಾತ್ರ. ನಾನು ಕಾನೂನು ಓದಿದ್ದಕ್ಕೆ ಕಾರಣ ಕೇಳಿದರೆ ಆ ಟ್ರಂಕು ಎನ್ನುತ್ತೇನೆ.

1994ರಲ್ಲಿ ಸನ್ನದು ಪಡೆದು ಒಬ್ಬ ಹಿರಿಯ ವಕೀಲರ ಬಳಿ ಸೇರಿದೆ. ಮೊದಲ ಅರ್ಜಿಯನ್ನು ಬರೆದು ತೋರಿಸಿದಾಗ ಅವರು "ಕಡುಬಡವ", "ನಿರ್ಗತಿಕ" ಎಂಬ ಪದಗಳ ಮೇಲೆಲ್ಲ ಗೆರೆ ಎಳೆದರು. "ಬಡತನ ಇವನನ್ನು ನೋಡಿದರೆ ತಿಳಿಯುತ್ತದಮ್ಮಾ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ದಿನಕ್ಕೆ ಎಷ್ಟು ಕೂಲಿ, ಮೇಸ್ತ್ರಿ ಯಾರು, ಕೊನೆಯ ದಿನ ಯಾರು ಏನೆಂದರು, ಅದನ್ನು ಬರೆ" ಎಂದರು. ಇಂದಿಗೂ ನನ್ನ ಜೂನಿಯರ್‌ಗಳಿಗೆ ನಾನು ಕೊಡುವ ಮೊದಲ ಪಾಠ ಅದೇ.

ಎರಡನೆಯ ಪಾಠವನ್ನು ನ್ಯಾಯಾಲಯವೇ ಕಲಿಸಿತು. ಕೈಗಾರಿಕಾ ವಿವಾದಗಳ ಕಾಯ್ದೆ, 1947ರ 36ನೇ ಕಲಮಿನ ನಾಲ್ಕನೇ ಉಪಕಲಮಿನ ಪ್ರಕಾರ ಕಾರ್ಮಿಕ ನ್ಯಾಯಾಲಯದಲ್ಲಿ ವಕೀಲರು ಹಾಜರಾಗಲು ಎದುರು ಪಕ್ಷದ ಒಪ್ಪಿಗೆ ಬೇಕಿತ್ತು, ನ್ಯಾಯಾಲಯದ ಅನುಮತಿಯೂ ಬೇಕಿತ್ತು. ಕಾರ್ಮಿಕನ ಎದುರು ಮಾಲೀಕ ದೊಡ್ಡ ವಕೀಲರ ಪಡೆಯನ್ನೇ ತಂದು ನಿಲ್ಲಿಸಬಾರದು ಎಂಬ ಒಳ್ಳೆಯ ಉದ್ದೇಶದಿಂದ ಮಾಡಿದ ನಿಯಮ. ಆದರೆ ನಾನು ಮೊದಲ ಬಾರಿ ಸ್ವಂತವಾಗಿ ವಕಾಲತ್ತು ಹಾಕಿದ ದಿನ ಆಡಳಿತ ಮಂಡಳಿಯ ಸಿಬ್ಬಂದಿ ಅಧಿಕಾರಿ ಎದ್ದು ನಿಂತು ಅದೇ ನಿಯಮ ಓದಿ, ನನ್ನ ಹಾಜರಿಗೆ ಒಪ್ಪಿಗೆ ಇಲ್ಲ ಎಂದರು. ಅವರು ಸ್ವತಃ ಕಾನೂನು ಪದವೀಧರರು, ಕಂಪನಿಯ ನೌಕರರಾಗಿ ವಾದಿಸಲು ಅವರಿಗೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ನಾನು ಹಿಂದಿನ ಬೆಂಚಿಗೆ ಹೋಗಿ ಕುಳಿತೆ. ಮೂಟೆ ಹೊರುತ್ತಿದ್ದ ನನ್ನ ಕಕ್ಷಿದಾರ ಒಬ್ಬನೇ ನಿಂತು, ಪ್ರತಿಯೊಂದು ಪ್ರಶ್ನೆಗೂ ಮೊದಲು ಹಿಂದಿರುಗಿ ನನ್ನನ್ನು ನೋಡುತ್ತಿದ್ದ.

ಆ ರಾತ್ರಿ ಸೀನಿಯರ್ ನನಗೆ 1976ರ ಪಾರಾದೀಪ್ ಪೋರ್ಟ್ ಟ್ರಸ್ಟ್ ತೀರ್ಪನ್ನು ಓದಿಸಿದರು. ವಕೀಲರೊಬ್ಬರು ಕಾರ್ಮಿಕ ಸಂಘದ ಪದಾಧಿಕಾರಿಯಾಗಿದ್ದರೆ ಆ ನೆಲೆಯಲ್ಲಿ ಹಾಜರಾಗಬಹುದು, ಆಗ ಯಾರ ಒಪ್ಪಿಗೆಯೂ ಬೇಡ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಮುಂದಿನ ತಾರೀಖಿನೊಳಗೆ ಹಮಾಲರ ಸಂಘ ಸಭೆ ಸೇರಿ ನನ್ನನ್ನು ಉಪಾಧ್ಯಕ್ಷೆಯಾಗಿ ಆರಿಸಿತು. ಇಪ್ಪತ್ತಾರು ವರ್ಷದ ನಾನು ಠರಾವಿನ ಪ್ರತಿ ಹಿಡಿದು ಮತ್ತೆ ಮುಂದಿನ ಸಾಲಿಗೆ ಬಂದೆ. ಆ ಸಂಘದ ಸಭೆಗಳಿಗೆ ಈಗಲೂ ಹೋಗುತ್ತೇನೆ.

ಇನ್ನು ಗೋಡೆಯ ವಿಷಯ. ಇದನ್ನು ಬರೆಯಬೇಕೆಂದು ಎಷ್ಟೋ ವರ್ಷಗಳಿಂದ ಅಂದುಕೊಂಡಿದ್ದೆ.

2001ರಲ್ಲಿ ಒಬ್ಬ ಹೆಂಗಸು ಬಂದರು. ಒಂದು ಸರ್ಕಾರಿ ಇಲಾಖೆಯ ನರ್ಸರಿಯಲ್ಲಿ ಸಸಿಗಳಿಗೆ ನೀರು ಹಾಕುವ, ಪಾಕೀಟಿಗೆ ಮಣ್ಣು ತುಂಬುವ ಕೆಲಸ. ಹನ್ನೊಂದು ವರ್ಷ ದಿನಗೂಲಿ. ಒಂದು ಸೋಮವಾರ "ನಾಳೆಯಿಂದ ಬರಬೇಡ" ಎಂದರು, ಅಷ್ಟೇ. ಕರ್ನಾಟಕದಲ್ಲಿ ಆಗ ವಜಾ ಆದ ಕಾರ್ಮಿಕರು ಸರ್ಕಾರ ವಿವಾದವನ್ನು ನ್ಯಾಯಾಲಯಕ್ಕೆ ಒಪ್ಪಿಸಲಿ ಎಂದು ಕಾದು ಕೂರದೆ, ಅದೇ ಕಾಯ್ದೆಯ 10(4-ಎ) ಕಲಮಿನ ಅಡಿ ಆರು ತಿಂಗಳ ಒಳಗೆ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಬರಬಹುದಿತ್ತು. ಇದು ನಮ್ಮ ರಾಜ್ಯವೇ ಮಾಡಿಕೊಂಡಿದ್ದ ತಿದ್ದುಪಡಿ. ಆಕೆ ಬಂದಾಗ ಆ ಅವಧಿ ಮುಗಿಯಲು ಹನ್ನೊಂದು ದಿನ ಉಳಿದಿತ್ತು.

ಚೀಲದಲ್ಲಿ ಏನೂ ಇರಲಿಲ್ಲ. ನೇಮಕಾತಿ ಆದೇಶ ಇಲ್ಲ, ಗುರುತಿನ ಚೀಟಿ ಇಲ್ಲ, ಭವಿಷ್ಯ ನಿಧಿಯ ಸಂಖ್ಯೆ ಇಲ್ಲ. ಕೂಲಿಯನ್ನು ಮಸ್ಟರ್ ರೋಲಿನಲ್ಲಿ, ಅಂದರೆ ಕೂಲಿಯವರ ಹಾಜರಿ ಪುಸ್ತಕದಲ್ಲಿ, ಹೆಬ್ಬೆಟ್ಟು ಒತ್ತಿಸಿಕೊಂಡು ಕೈಗೆ ಕೊಡುತ್ತಿದ್ದರು. ಎಷ್ಟು ದಿನ ದುಡಿದಿದ್ದೀರಿ ಎಂದು ಹೇಗೆ ಹೇಳುತ್ತೀರಿ ಎಂದು ಕೇಳಿದೆ. "ಗೋಡೆಯ ಮೇಲೆ ಬರೆದಿದ್ದೇನೆ" ಎಂದರು.

ಅವರ ಮನೆಗೆ ಹೋದೆ. ಅಡುಗೆ ಮನೆಯ ಒಳಗೋಡೆಯಲ್ಲಿ, ಹೊಗೆ ಹೆಚ್ಚು ತಾಗದ ಮೂಲೆಯಲ್ಲಿ, ಇದ್ದಿಲಿನಿಂದ ಎಳೆದ ಗೆರೆಗಳು. ದಿನಕ್ಕೆ ಒಂದು ಗೆರೆ. ಬಟವಾಡೆ ಆದ ದಿನ ಒಂದು ಸೊನ್ನೆ. ಯುಗಾದಿಗೊಮ್ಮೆ ಸುಣ್ಣ ಬಳಿಯುವಾಗ ಆ ಮೂಲೆಯನ್ನು ಮಾತ್ರ ಬಿಟ್ಟು ಬಳಿಯುತ್ತಿದ್ದರಂತೆ. ಮೇಸ್ತ್ರಿ ಕೂಲಿಯಲ್ಲಿ ಮೋಸ ಮಾಡದಿರಲಿ ಎಂದು ಆರಂಭಿಸಿದ ಲೆಕ್ಕ ಅದು. ಕೊನೆಯ ಹನ್ನೆರಡು ತಿಂಗಳ ಗೆರೆಗಳನ್ನು ಎಣಿಸಿದೆವು. ನನ್ನ ಜೂನಿಯರ್ ಎರಡು ಸಲ ಎಣಿಸಿದಳು. 287.

ಕಾನೂನಿನಲ್ಲಿ ಬೇಕಾದದ್ದು 240. ಕೆಲಸದಿಂದ ತೆಗೆಯುವ ಹಿಂದಿನ ಹನ್ನೆರಡು ತಿಂಗಳಲ್ಲಿ 240 ದಿನ ದುಡಿದಿದ್ದರೆ ಅದು ಒಂದು ವರ್ಷದ ನಿರಂತರ ಸೇವೆ. ಅಂಥವರನ್ನು ತೆಗೆಯಬೇಕಾದರೆ ಆಗಿನ 25-ಎಫ್ ಕಲಮಿನಂತೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ವೇತನ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನಗಳ ವೇತನದ ಪರಿಹಾರ ಕೊಡಬೇಕು. ಕೊಡದೆ ತೆಗೆದರೆ ಆ ಕ್ರಮ ಕಾನೂನುಬಾಹಿರ. 239 ದಿನಕ್ಕೆ ಈ ರಕ್ಷಣೆ ಇಲ್ಲ. ಆದ್ದರಿಂದಲೇ ಎಷ್ಟೋ ಕಡೆ ಒಬ್ಬಳೇ ಹೆಂಗಸಿನ ದುಡಿಮೆಯನ್ನು ಮಸ್ಟರ್ ರೋಲಿನಲ್ಲಿ ಎರಡು ಮೂರು ಹೆಸರುಗಳಿಗೆ ಹಂಚಿ ಬರೆಯುತ್ತಾರೆ. ಈಕೆಯ ತಿಂಗಳ ಕೂಲಿಯಲ್ಲಿ ಅರ್ಧ ಈಕೆಯ ಹೆಸರಿನಲ್ಲಿ, ಉಳಿದರ್ಧ ನಾದಿನಿಯ ಹೆಸರಿನಲ್ಲಿ ಇತ್ತು. ನಾದಿನಿ ಮದುವೆಯಾಗಿ ಬೇರೆ ಜಿಲ್ಲೆಗೆ ಹೋಗಿ ಆರು ವರ್ಷವಾಗಿತ್ತು.

ಪ್ರಕರಣ ನಡೆಯುತ್ತಿರುವಾಗಲೇ, 2002ರ ಫೆಬ್ರವರಿಯಲ್ಲಿ, ಸುಪ್ರೀಂ ಕೋರ್ಟಿನಿಂದ ಎಸ್.ಟಿ. ಹಡಿಮನಿ ಪ್ರಕರಣದ ತೀರ್ಪು ಬಂತು. ನಮ್ಮದೇ ರಾಜ್ಯದ ವಲಯ ಅರಣ್ಯಾಧಿಕಾರಿ ಸಲ್ಲಿಸಿದ್ದ ಮೇಲ್ಮನವಿ. 240 ದಿನ ದುಡಿದಿದ್ದೇನೆ ಎಂದು ಕಾರ್ಮಿಕ ಪ್ರಮಾಣಪತ್ರ ಹಾಕಿದರೆ ಸಾಲದು, ಅದನ್ನು ಸಾಬೀತು ಮಾಡುವ ಹೊಣೆ ಅವನದೇ, ಸಂಬಳ ಪಡೆದ ದಾಖಲೆಯೋ ನೇಮಕದ ಆದೇಶವೋ ಬೇಕು ಎಂದಿತು ನ್ಯಾಯಾಲಯ. ಎದುರು ವಕೀಲರು ಅದರ ಝೆರಾಕ್ಸ್ ಪ್ರತಿಯನ್ನು ನನ್ನ ಮುಂದೆ ಇಟ್ಟ ದಿನ ಮನೆಗೆ ಬಂದು ಊಟ ಮಾಡಲಾಗಲಿಲ್ಲ. ದಾಖಲೆಗಳೆಲ್ಲ ಇರುವುದು ಮಾಲೀಕನ ಬೀರುವಿನಲ್ಲಿ, ಸಾಬೀತು ಮಾಡಬೇಕಾದವಳು ಬೀರುವಿನ ಹೊರಗೆ ನಿಂತವಳು. ಆ ತೀರ್ಪು ತಪ್ಪು ಎಂದು ಅಂದೂ ಅನಿಸಿತ್ತು, ಇಂದೂ ಅನಿಸುತ್ತದೆ.

ಪಾಟೀ ಸವಾಲಿನಲ್ಲಿ ಆಕೆಯನ್ನು ಕೇಳಿದರು: "ನಿಮ್ಮ ಬಳಿ ನೇಮಕಾತಿ ಆದೇಶ ಇದೆಯೇ?"

"ಗಿಡಕ್ಕೆ ನೀರು ಹಾಕುವವಳಿಗೆ ಯಾರು ಆದೇಶ ಬರೆದು ಕೊಡುತ್ತಾರೆ ಸಾಹೇಬರೇ?"

"ಹಾಗಾದರೆ ನೀವು ಅಲ್ಲಿ ಕೆಲಸ ಮಾಡಿಲ್ಲ ಎಂದು ಹೇಳುತ್ತೇನೆ."

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳತೊಡಗಿದರು. ಯಾವ ಮಳೆಗಾಲಕ್ಕೆ ಯಾವ ಕೆರೆಯ ಏರಿಗೆ ಎಷ್ಟು ಹೊಂಗೆ ಹೋಯಿತು, ಯಾವ ವರ್ಷ ಬೇವಿನ ಬೀಜ ಸರಿಯಾಗಿ ಮೊಳೆಯದೆ ಎರಡನೆಯ ಸಲ ಬಿತ್ತಿದರು, ಯಾವ ಶಾಲೆಯವರು ನೆಲ್ಲಿ ಸಸಿ ಕೇಳಿಕೊಂಡು ಬಂದರು. ನ್ಯಾಯಾಧೀಶರು ಬೆರಳಚ್ಚುಗಾರರಿಗೆ ಹೇಳುತ್ತಾ ಎಲ್ಲವನ್ನೂ ದಾಖಲಿಸಿದರು. ನನಗೆ ಆಗ ಹೊಳೆಯಿತು. ಮಸ್ಟರ್ ರೋಲಿನ ಜೊತೆಗೆ ನರ್ಸರಿಯ ಸಸಿ ವಿತರಣೆಯ ವಹಿಯನ್ನೂ ಹಾಜರುಪಡಿಸಬೇಕೆಂದು ಅರ್ಜಿ ಹಾಕಿದೆ. ಮಸ್ಟರ್ ರೋಲುಗಳಲ್ಲಿ ಎರಡು ವರ್ಷದವು ಮಾತ್ರ ಬಂದವು, ಉಳಿದವನ್ನು ಗೆದ್ದಲು ತಿಂದಿದೆ ಎಂದರು. ಸಸಿಗಳ ವಹಿಗೆ ಗೆದ್ದಲು ಹಿಡಿದಿರಲಿಲ್ಲ. ಆಕೆ ಹೇಳಿದ ಹೊಂಗೆ, ಬೇವು, ನೆಲ್ಲಿ ಅದೇ ವರ್ಷಗಳಲ್ಲಿ ಅದೇ ಜಾಗಗಳಿಗೆ ಹೋಗಿದ್ದವು.

2005ರ ನವೆಂಬರ್‌ನಲ್ಲಿ ಆರ್.ಎಂ. ಯಲ್ಲಟ್ಟಿ ಪ್ರಕರಣದ ತೀರ್ಪು ಬಂತು. ಇದೂ ಕರ್ನಾಟಕದ್ದೇ. ಸಾಬೀತಿನ ಹೊಣೆ ಕಾರ್ಮಿಕನದೇ ಆದರೂ, ದಿನಗೂಲಿಯವರಿಗೆ ನೇಮಕದ ಪತ್ರವನ್ನಾಗಲಿ ರಸೀದಿಯನ್ನಾಗಲಿ ಯಾರೂ ಕೊಡುವುದಿಲ್ಲ ಎಂಬುದನ್ನು ನ್ಯಾಯಾಲಯ ಅರಿಯಬೇಕು. ಅವನು ಸಾಕ್ಷಿಕಟ್ಟೆ ಏರಿ ಹೇಳಿ, ಮಸ್ಟರ್ ರೋಲು ತರಿಸಿ ಎಂದು ಕೇಳಿದ ಮೇಲೂ ಮಾಲೀಕ ತರದಿದ್ದರೆ, ಪ್ರಕರಣದ ಸ್ವರೂಪ ನೋಡಿ ಮಾಲೀಕನ ವಿರುದ್ಧ ತೀರ್ಮಾನಕ್ಕೆ ಬರಬಹುದು ಎಂದಿತು. ನಾನು ಆ ತೀರ್ಪಿನ ಪ್ರತಿಯನ್ನು ಎದೆಗೆ ಒತ್ತಿ ಹಿಡಿದು ನ್ಯಾಯಾಲಯಕ್ಕೆ ಹೋದೆ ಎಂದರೆ ಉತ್ಪ್ರೇಕ್ಷೆಯಲ್ಲ. 2006ರಲ್ಲಿ ಐತೀರ್ಪು: ಮರುನೇಮಕ, ಸೇವೆಯ ಮುಂದುವರಿಕೆ, ನೂರಕ್ಕೆ 40ರಷ್ಟು ಹಿಂಬಾಕಿ ವೇತನ.

ಇಲಾಖೆ ಹೈಕೋರ್ಟಿಗೆ ಹೋಯಿತು. ಆಗ ಹೈಕೋರ್ಟ್ ಎಂದರೆ ಬೆಂಗಳೂರು. ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ, ಬೆಳಿಗ್ಗೆ ಇಳಿದು, ನಿಲ್ದಾಣದಲ್ಲೇ ಮುಖ ತೊಳೆದು, ಹೈಕೋರ್ಟ್ ಇರುವ ಅಠಾರಾ ಕಚೇರಿಗೆ ಹೋಗಿ, ಪ್ರಕರಣ ಪಟ್ಟಿಗೆ ಬರದೆ ಸಂಜೆ ವಾಪಸು. ಕಕ್ಷಿದಾರರಿಗೆ ಆ ಒಂದು ಓಡಾಟ ಎಂದರೆ ವಾರದ ಕೂಲಿ. ಉತ್ತರ ಕರ್ನಾಟಕದ ವಕೀಲರು ಪೀಠಕ್ಕಾಗಿ ಅಷ್ಟು ವರ್ಷ ಏಕೆ ಹೋರಾಡಿದರು ಎಂಬುದು ಆ ರೈಲಿನಲ್ಲಿ ಕುಳಿತವರಿಗೆ ಗೊತ್ತು. 2008ರ ಜುಲೈಯಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ ಆರಂಭವಾಯಿತು, 2013ರಲ್ಲಿ ಅದು ಕಾಯಂ ಆಯಿತು. ಇಲಾಖೆ ಹಾಕಿದ್ದ ರಿಟ್ ಅರ್ಜಿಯೂ ಧಾರವಾಡಕ್ಕೆ ಬಂತು. ಅಲ್ಲಿಯವರೆಗೆ 17-ಬಿ ಕಲಮಿನಡಿ ಆಕೆಗೆ ಕೊನೆಯ ವೇತನದ ಲೆಕ್ಕದಲ್ಲಿ ಪ್ರತಿ ತಿಂಗಳು ಹಣ ಬರುತ್ತಿತ್ತು. ಮರುನೇಮಕದ ಆದೇಶದ ವಿರುದ್ಧ ಮಾಲೀಕ ಮೇಲಿನ ನ್ಯಾಯಾಲಯಕ್ಕೆ ಹೋದರೆ, ಕಾರ್ಮಿಕನಿಗೆ ಬೇರೆ ಕೆಲಸ ಇಲ್ಲದಿದ್ದಲ್ಲಿ, ಪ್ರಕರಣ ಮುಗಿಯುವವರೆಗೆ ಆ ವೇತನ ಕೊಡುತ್ತಿರಬೇಕು. ಆ ಒಂದು ಕಲಮು ಎಷ್ಟು ಮನೆಗಳ ಒಲೆ ಉರಿಸಿದೆಯೋ ಹೇಳಲಾರೆ.

2010ರಲ್ಲಿ ರಿಟ್ ವಜಾ ಆಯಿತು. ಆಕೆ ಮತ್ತೆ ಅದೇ ನರ್ಸರಿಗೆ ಹೋಗಿ ಅರವತ್ತು ತುಂಬುವವರೆಗೆ ನಾಲ್ಕು ವರ್ಷ ನೀರು ಹಾಕಿದರು. ದಿನಗೂಲಿಯಾಗಿಯೇ. ಕಾಯಂ ಆಗಲಿಲ್ಲ.

ಏಕೆ ಆಗಲಿಲ್ಲ ಎಂದರೆ ಉಮಾದೇವಿ ತೀರ್ಪು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ದಿನಗೂಲಿಯ ಮೇಲಿದ್ದವರ ಪ್ರಕರಣದಲ್ಲಿ 2006ರ ಏಪ್ರಿಲ್ 10ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಕ್ರಮಬದ್ಧ ನೇಮಕಾತಿ ಇಲ್ಲದೆ ಒಳಗೆ ಬಂದವರಿಗೆ ಕಾಯಂ ಆಗುವ ಹಕ್ಕಿಲ್ಲ ಎಂದಿತು. ಮಂಜೂರಾದ ಹುದ್ದೆಯಲ್ಲಿ, ನ್ಯಾಯಾಲಯದ ಆದೇಶದ ಆಸರೆ ಇಲ್ಲದೆ, ಹತ್ತು ವರ್ಷ ದುಡಿದವರನ್ನು ಒಂದು ಸಲಕ್ಕೆ ಮಾತ್ರ ಪರಿಗಣಿಸಿ ಎಂದೂ ಹೇಳಿತು. ಮೊದಲ ಭಾಗವನ್ನು ಇಲಾಖೆಗಳು ಬಾಯಿಪಾಠ ಮಾಡಿಕೊಂಡವು, ಎರಡನೆಯದನ್ನು ಮರೆತವು. 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹೇಳಿತು, ದೀರ್ಘಕಾಲ ದುಡಿದವರ ವಿರುದ್ಧ ಉಮಾದೇವಿ ತೀರ್ಪನ್ನು ಆಯುಧ ಮಾಡಿಕೊಳ್ಳಬಾರದು ಎಂದಿತು. ಹದಿನೆಂಟು ವರ್ಷ ತಡವಾಗಿ.

ಹಡಿಮನಿ, ಯಲ್ಲಟ್ಟಿ, ಉಮಾದೇವಿ. ಬೆಂಗಳೂರು ನೀರು ಸರಬರಾಜು ಮಂಡಳಿಯ ವಿರುದ್ಧದ 1978ರ ಪ್ರಕರಣದ ರಾಜಪ್ಪ ಕೂಡ. ಆಸ್ಪತ್ರೆಯೂ ವಿದ್ಯಾಸಂಸ್ಥೆಯೂ ಕಾನೂನಿನ ಕಣ್ಣಿನಲ್ಲಿ ಉದ್ಯಮವೇ ಎಂದು ಹೇಳಿದ ತೀರ್ಪು ಅದು. ದೇಶದ ಯಾವ ಮೂಲೆಯ ಕಾರ್ಮಿಕ ನ್ಯಾಯಾಲಯದಲ್ಲೂ ಈ ಕನ್ನಡದ ಹೆಸರುಗಳು ದಿನವೂ ಕೇಳಿಬರುತ್ತವೆ. ಇನ್ನೂ ಒಂದು ಹೆಸರನ್ನು ನಾನು ಸೇರಿಸುತ್ತೇನೆ, ಕೊಡಗಿನ ಸಿ.ಬಿ. ಮುತ್ತಮ್ಮ. ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮಹಿಳಾ ಅಧಿಕಾರಿ ಮದುವೆಯಾಗಲು ಸರ್ಕಾರದ ಅನುಮತಿ ಪಡೆಯಬೇಕು, ಮದುವೆಯ ಬಳಿಕ ಕೆಲಸಕ್ಕೆ ಅಡ್ಡಿ ಎನಿಸಿದರೆ ರಾಜೀನಾಮೆ ಕೇಳಬಹುದು ಎಂಬ ನಿಯಮವನ್ನು ಅವರು ಪ್ರಶ್ನಿಸಿದರು. ಬಡ್ತಿ ಸಿಕ್ಕಿದ್ದರಿಂದ 1979ರಲ್ಲಿ ಅವರ ಅರ್ಜಿ ತಾಂತ್ರಿಕವಾಗಿ ವಜಾ ಆಯಿತು. ಆದರೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳ ಬಗ್ಗೆ ಬರೆದದ್ದನ್ನು ಓದಿದರೆ ಸೋತವರು ಯಾರು ಎಂಬುದು ತಿಳಿಯುತ್ತದೆ.

ನಾನು ಸೋತ ಒಂದು ಪ್ರಕರಣವನ್ನು ಹೇಳಲೇಬೇಕು. ಹತ್ತಿಯ ಜಿನ್ನಿಂಗ್ ಕಾರ್ಖಾನೆಯ ಯಂತ್ರ ನಡೆಸುವವರು, ಹದಿನಾಲ್ಕು ವರ್ಷದ ಸೇವೆ. ರಾಜಿ ಸಂಧಾನದಲ್ಲಿ ಮಾಲೀಕರು 1,40,000 ರೂಪಾಯಿ ಕೊಡಲು ಮುಂದೆ ಬಂದರು. ಆತ ನನ್ನ ಮುಖ ನೋಡಿದರು. "ಬೇಡ, ನಿಮ್ಮ ಪ್ರಕರಣ ಗಟ್ಟಿಯಾಗಿದೆ" ಎಂದೆ. ಪ್ರಕರಣ ಗಟ್ಟಿಯಾಗಿಯೇ ಇತ್ತು, ಗೆದ್ದೆವು. ಮಾಲೀಕರು ರಿಟ್ ಹಾಕಿದ ಎರಡನೆಯ ವರ್ಷ ಆತ ತೀರಿಕೊಂಡರು. ಅವರ ಹೆಂಡತಿಯನ್ನು ವಾರಸುದಾರರಾಗಿ ದಾಖಲೆಗೆ ತಂದೆವು. ಒಟ್ಟು ಏಳು ವರ್ಷದ ಮೇಲೆ ಅವರ ಕೈಗೆ ಮೂರು ಲಕ್ಷ ಬಂತು. ಲೆಕ್ಕದ ಪ್ರಕಾರ ಅದು ಹೆಚ್ಚು. ಆದರೆ ಆ 1,40,000 ಇದ್ದಿದ್ದರೆ ಚಿಕಿತ್ಸೆಗೆ ಬೆಳಗಾವಿಗೆ ಮೊದಲೇ ಹೋಗುತ್ತಿದ್ದೆವು ಎಂದು ಆಕೆ ಒಮ್ಮೆ ಹೇಳಿದರು. ನನ್ನನ್ನು ದೂರಿ ಹೇಳಿದ್ದಲ್ಲ, ಸುಮ್ಮನೆ ಹೇಳಿದ್ದು. ಅಂದಿನಿಂದ ನಾನು ರಾಜಿಯ ಮಾತು ಬಂದಾಗ ವರ್ಷಗಳನ್ನು ಬಾಯಿಬಿಟ್ಟು ಎಣಿಸುತ್ತೇನೆ: ಇಲ್ಲಿ ಮೂರು, ಧಾರವಾಡದಲ್ಲಿ ನಾಲ್ಕು, ಮೇಲೆ ಹೋದರೆ ಇನ್ನೂ ಮೂರು. ಆಮೇಲೆ ಮನೆಯವರನ್ನು ಕರೆದುಕೊಂಡು ಬನ್ನಿ ಎನ್ನುತ್ತೇನೆ. ತೀರ್ಮಾನ ಅವರದು.

ಎಲ್ಲ ಪ್ರಕರಣಗಳೂ ಇಷ್ಟು ದೀರ್ಘವಲ್ಲ. ಒಬ್ಬ ಖಾಸಗಿ ಶಾಲೆಯ ಶಿಕ್ಷಕಿ 22 ವರ್ಷ ಪಾಠ ಮಾಡಿ ನಿವೃತ್ತರಾದರು. ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟು ಕಳುಹಿಸಿದ್ದರು, ಸೇವೆಯ ವರ್ಷಗಳ ಲೆಕ್ಕದಲ್ಲಿ ಸಿಗಬೇಕಾದ ಗ್ರಾಚ್ಯುಟಿ ಹಣ ಕೊಟ್ಟಿರಲಿಲ್ಲ. ಶಿಕ್ಷಕರಿಗೆ ಅದು ಅನ್ವಯಿಸುವುದಿಲ್ಲ ಎಂದರಂತೆ. 2009ರ ತಿದ್ದುಪಡಿಯಿಂದ, 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗಿ, ಅನ್ವಯಿಸುತ್ತದೆ. ಕೊನೆಯ ವೇತನ 18,200. ತಿಂಗಳಿಗೆ 26 ಕೆಲಸದ ದಿನದಂತೆ ಅದನ್ನು ಭಾಗಿಸಿದರೆ ದಿನಕ್ಕೆ 700, ವರ್ಷವೊಂದಕ್ಕೆ ಹದಿನೈದು ದಿನದಂತೆ 10,500, ಇಪ್ಪತ್ತೆರಡು ವರ್ಷಕ್ಕೆ 2,31,000. ಗಣಿತದ ಶಿಕ್ಷಕಿ ಅವರು, ನಾನು ಬರೆಯುವ ಮೊದಲೇ ಉತ್ತರ ಹೇಳಿದರು. ಆಡಳಿತ ಮಂಡಳಿ ಮೇಲ್ಮನವಿಗೆ ಹೋಗಬೇಕಾದರೆ ಮೊದಲು ಅಷ್ಟೂ ಹಣ ಠೇವಣಿ ಇಡಬೇಕು ಎಂದು ತಿಳಿದ ಮೇಲೆ ಹಣ ಕೊಟ್ಟಿತು.

2025ರ ನವೆಂಬರ್ 21ರಿಂದ 29 ಹಳೆಯ ಕಾನೂನುಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದಿವೆ. ನನ್ನ ನಾಲಿಗೆಗೆ ಅಂಟಿದ್ದ ಕಲಮುಗಳ ಸಂಖ್ಯೆಗಳೆಲ್ಲ ಬದಲಾಗಿವೆ, ಐವತ್ತೇಳರ ವಯಸ್ಸಿನಲ್ಲಿ ಮತ್ತೆ ಬೆಳಗಿನ ಜಾವ ಎದ್ದು ಓದುತ್ತಿದ್ದೇನೆ. ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕಾಗುವ ಮಿತಿಯನ್ನು 100 ಕಾರ್ಮಿಕರಿಂದ 300ಕ್ಕೆ ಏರಿಸಿದ್ದು ನನಗೆ ಭಯ ಹುಟ್ಟಿಸುತ್ತದೆ, ಅದನ್ನು ಬಚ್ಚಿಡುವುದಿಲ್ಲ. ಆದರೆ ಒಂದು ಸಾಲನ್ನು ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ: ಪ್ರತಿಯೊಬ್ಬ ನೌಕರನಿಗೂ ನೇಮಕಾತಿ ಪತ್ರ ಕೊಡಬೇಕು. ಆ ಒಂದು ಕಾಗದಕ್ಕಾಗಿ ನಾನು ಎಷ್ಟು ಚೀಲಗಳನ್ನು ಜಾಲಾಡಿದ್ದೇನೆ! ಅದು ಜಿನ್ನಿಂಗ್ ಕಾರ್ಖಾನೆಯ ಗುತ್ತಿಗೆದಾರನ ಕೂಲಿಯವನ ಕೈಗೆ ತಲುಪುತ್ತದೆಯೇ ಎಂಬುದನ್ನು ನೋಡಲು ನಾನು ಇನ್ನಷ್ಟು ವರ್ಷ ಈ ಕೆಲಸದಲ್ಲಿ ಇರಬೇಕು.

ಕಳೆದ ತಿಂಗಳು ಊಟ ತಲುಪಿಸುವ ಕೆಲಸದ ಹುಡುಗನೊಬ್ಬ ಬಂದ. ಚೀಲ ಇರಲಿಲ್ಲ, ಮೊಬೈಲ್ ಮಾತ್ರ. ಮೂರು ವರ್ಷದ ದುಡಿಮೆ, ಎಷ್ಟು ಆರ್ಡರ್, ಎಷ್ಟು ಕಿಲೋಮೀಟರ್, ಎಷ್ಟು ಗಂಟೆ, ಎಲ್ಲವೂ ಆ್ಯಪ್‌ನಲ್ಲಿತ್ತು. ಒಂದು ಬೆಳಿಗ್ಗೆ ಅವನ ಐಡಿಯನ್ನು ಬಂದ್ ಮಾಡಿದ್ದರು. ಹೀಗೆ ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ ನಮ್ಮ ರಾಜ್ಯ 2025ರಲ್ಲಿ ಕಾಯ್ದೆ ಮಾಡಿದೆ. ತೆಗೆಯುವ ಮುನ್ನ ಲಿಖಿತ ಕಾರಣ ಮತ್ತು 14 ದಿನಗಳ ನೋಟಿಸ್ ಕೊಡಬೇಕು ಎನ್ನುತ್ತದೆ ಅದು. ನೋಟಿಸ್ ಬಂತೇ ಎಂದೆ. ಅವನು ಆ್ಯಪ್ ತೆರೆದು ನನ್ನ ಕಡೆ ತಿರುಗಿಸಿದ. ಬಿಳಿಯ ಪರದೆಯ ಮೇಲೆ ಲಾಗಿನ್ ಆಗಲು ಸಾಧ್ಯವಿಲ್ಲ ಎಂಬ ಒಂದು ಸಾಲು.

ನಾನು ಅವನಿಗೆ ಅಡುಗೆ ಮನೆಯ ಗೋಡೆಯ ಕಥೆ ಹೇಳಿದೆ. ಅವನು ಕೇಳಿಸಿಕೊಂಡು, ಮರುದಿನ ತನ್ನ ಗೆಳೆಯರಿಗೆಲ್ಲ ಹೇಳಿದ್ದಾನೆ. ಈಗ ದಿನವೂ ಕೆಲಸ ಮುಗಿಸಿದ ಮೇಲೆ ಅವರು ಆ ದಿನದ ಲೆಕ್ಕದ ಪರದೆಯನ್ನು ಚಿತ್ರವಾಗಿ ಉಳಿಸಿ ನನ್ನ ಜೂನಿಯರ್‌ಗೆ ಕಳುಹಿಸುತ್ತಾರೆ. ಅವಳು ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಫೋಲ್ಡರ್ ಮಾಡಿದ್ದಾಳೆ. ನಿನ್ನೆ ರಾತ್ರಿ ಹನ್ನೊಂದೂವರೆಯ ತನಕ ಹದಿನಾಲ್ಕು ಚಿತ್ರಗಳು ಬಂದಿದ್ದವು.